ಶಿಕ್ಷಕರ ಅನಾರೋಗ್ಯ ರಜೆ: ಸದಸ್ಯರು ಕೇಳಬೇಕಾದುದು ಮತ್ತು ಕೇಳಬಾರದುದು

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಊರೊಳಗಿನ ಶಾಲೆಯ ಜೊತೆಗೆ ತೋಟದ ಶಾಲೆಗಳೂ ಇವೆ. ಕಬ್ಬೂರ ಪರಿಸರದಲ್ಲಿ, ಹಾಗೆಯೇ ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ, ಕಬ್ಬಿನ ಹೊಲಗಳ ನಡುವೆ ವಾಸಿಸುವ ಕುಟುಂಬಗಳ ಮಕ್ಕಳು ಇಂತಹ ಕಿರಿಯ ಪ್ರಾಥಮಿಕ ಶಾಲೆಗಳನ್ನೇ ಅವಲಂಬಿಸಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳಿರುವ ಶಾಲೆಗೆ ಇಬ್ಬರು ಶಿಕ್ಷಕರು. ಅವರಲ್ಲಿ ಒಬ್ಬರು ಅನಾರೋಗ್ಯದಿಂದ ರಜೆಯ ಮೇಲೆ ಹೋದರೆ ಐದೂ ತರಗತಿಗಳ ಭಾರ ಇನ್ನೊಬ್ಬರ ಮೇಲೆ ಬೀಳುತ್ತದೆ. ರಜೆ ಎರಡು ವಾರ ದಾಟಿತೆಂದರೆ ಪಾಲಕರು ಸದಸ್ಯರ ಮನೆಯ ಬಾಗಿಲಿಗೆ ಬರುತ್ತಾರೆ. “ನಮ್ಮ ಸಾಲಿ ಅಕ್ಕೋರು ಹದಿನೈದ ದಿನದಿಂದ ಬಂದಿಲ್ರಿ, ಅವರಿಗೆ ಏನಾಗೇತಿ?” ಎಂದು ಕೇಳುತ್ತಾರೆ.

ಈ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಮಕ್ಕಳಿಗೆ ಈಗ ಪಾಠ ಮಾಡುವವರು ಯಾರು ಎಂಬುದು ಮೊದಲನೆಯದು. ಶಿಕ್ಷಕಿಗೆ ಬಂದಿರುವ ಕಾಯಿಲೆ ಯಾವುದು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಪಡೆಯುವುದು ಸದಸ್ಯರ ಕರ್ತವ್ಯ. ಎರಡನೆಯದು ಅವರ ಅಧಿಕಾರದ ಹೊರಗಿನದು. ಈ ಎರಡರ ನಡುವಿನ ಗೆರೆ ಎಲ್ಲಿದೆ, ಅದನ್ನು ಎಳೆದಿರುವ ಕಾನೂನು ಯಾವುದು, ಗೆರೆಯನ್ನು ದಾಟದೆ ಮಕ್ಕಳ ಹಿತವನ್ನು ಕಾಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಸದಸ್ಯರ ಹೊಣೆ ಯಾವುದು

ಶಾಲೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಅಧಿಕಾರ ಸಮುದಾಯಕ್ಕೆ ಇದೆ. ಕರ್ನಾಟಕದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲಿಯೇ ರಚನೆಯಾದವು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪ್ರಕರಣವು ಶಾಲಾ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆಯ ಚುನಾಯಿತ ಪ್ರತಿನಿಧಿಗಳು, ಪಾಲಕರು ಮತ್ತು ಶಿಕ್ಷಕರು ಇರಬೇಕೆಂದೂ ಸದಸ್ಯರಲ್ಲಿ ಮುಕ್ಕಾಲು ಭಾಗ ಪಾಲಕರಾಗಿರಬೇಕೆಂದೂ ಹೇಳುತ್ತದೆ. 24ನೇ ಪ್ರಕರಣವು ಶಿಕ್ಷಕರು ಕ್ರಮಬದ್ಧವಾಗಿ ಮತ್ತು ಸಕಾಲದಲ್ಲಿ ಶಾಲೆಗೆ ಹಾಜರಾಗುವುದನ್ನು ಅವರ ಮೊದಲ ಕರ್ತವ್ಯವೆಂದು ವಿಧಿಸುತ್ತದೆ. ಆದ್ದರಿಂದ ಶಿಕ್ಷಕರ ಗೈರುಹಾಜರಿಯನ್ನು ಸದಸ್ಯರು ಪ್ರಶ್ನಿಸುವುದು ತಪ್ಪಲ್ಲ. ಪ್ರಶ್ನಿಸದಿರುವುದೇ ಕರ್ತವ್ಯಲೋಪವಾಗುತ್ತದೆ.

ಆದರೆ ರಜೆಯನ್ನು ಮಂಜೂರು ಮಾಡುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಅದು ಶಿಕ್ಷಣ ಇಲಾಖೆಯ ಸಕ್ಷಮ ಪ್ರಾಧಿಕಾರಕ್ಕೆ ಸೇರಿದ್ದು. ವೈದ್ಯಕೀಯ ಪ್ರಮಾಣಪತ್ರವನ್ನು ಪರಿಶೀಲಿಸುವ ಹೊಣೆ ಮಂಜೂರು ಮಾಡುವವರದು. ಆ ಹೊಣೆ ಇಲ್ಲದವರಿಗೆ ಪ್ರಮಾಣಪತ್ರವನ್ನು ನೋಡುವ ಅಗತ್ಯವೂ ಇರುವುದಿಲ್ಲ.

ಅನಾರೋಗ್ಯ ರಜೆ ಪುಕ್ಕಟೆಯ ಪಗಾರವಲ್ಲ

ಅನಾರೋಗ್ಯ ರಜೆಯ ಕುರಿತು ಗ್ರಾಮಗಳಲ್ಲಿ ಒಂದು ತಪ್ಪು ಕಲ್ಪನೆ ಇದೆ. ವೈದ್ಯರ ಚೀಟಿ ಕೊಟ್ಟರೆ ಮನೆಯಲ್ಲಿ ಕುಳಿತು ಪಗಾರ ಎಣಿಸಬಹುದು ಎಂದು ಹಲವರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ.

ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ಸರಕಾರಿ ನೌಕರರು ಸಲ್ಲಿಸಿದ ಪ್ರತಿ ವರ್ಷದ ಸೇವೆಗೆ 20 ದಿನಗಳ ಅರ್ಧ ವೇತನ ರಜೆ ಅವರ ಲೆಕ್ಕಕ್ಕೆ ಸೇರುತ್ತದೆ. ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಅದನ್ನು ಪೂರ್ಣ ವೇತನದ ಪರಿವರ್ತಿತ ರಜೆಯನ್ನಾಗಿ ಪಡೆಯಬಹುದು. ಆಗ ಲೆಕ್ಕದಿಂದ ಎರಡು ಪಟ್ಟು ದಿನಗಳನ್ನು ಕಳೆಯಲಾಗುತ್ತದೆ. 30 ದಿನ ಪರಿವರ್ತಿತ ರಜೆ ಪಡೆದ ಶಿಕ್ಷಕರ ಖಾತೆಯಿಂದ 60 ದಿನಗಳ ಅರ್ಧ ವೇತನ ರಜೆ ಕಡಿತವಾಗುತ್ತದೆ. ಅಂದರೆ ಅದು ಅವರು ಮೂರು ವರ್ಷಗಳ ಸೇವೆಯಿಂದ ಕೂಡಿಟ್ಟ ಗಂಟು. ಶಾಲೆಗೆ ಬೇಸಿಗೆ ಮತ್ತು ದಸರಾ ರಜೆ ಇರುವ ಕಾರಣ ಶಿಕ್ಷಕರಿಗೆ ದೊರೆಯುವ ಗಳಿಕೆ ರಜೆ ಇತರ ನೌಕರರಿಗಿಂತ ಕಡಿಮೆ. ದೀರ್ಘ ಕಾಯಿಲೆ ಬಂದಾಗ ಅವರಿಗೆ ಮುಖ್ಯ ಆಸರೆಯಾಗುವುದು ಈ ಅರ್ಧ ವೇತನ ರಜೆಯೇ.

ದುರುಪಯೋಗವನ್ನು ತಡೆಯುವ ವ್ಯವಸ್ಥೆಯೂ ನಿಯಮಗಳಲ್ಲಿಯೇ ಇದೆ. ಪ್ರಮಾಣಪತ್ರದ ಬಗ್ಗೆ ಸಂಶಯ ಬಂದರೆ ಮಂಜೂರಾತಿ ಪ್ರಾಧಿಕಾರವು ಸರಕಾರಿ ವೈದ್ಯಾಧಿಕಾರಿಯಿಂದ ಎರಡನೆಯ ಅಭಿಪ್ರಾಯ ಪಡೆಯಬಹುದು. ವೈದ್ಯಕೀಯ ಕಾರಣದ ರಜೆ ಮುಗಿಸಿ ಮರಳುವ ಶಿಕ್ಷಕರು ಕರ್ತವ್ಯಕ್ಕೆ ಅರ್ಹರೆಂಬ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು. ವೈದ್ಯರ ಮೇಲೂ ಕಟ್ಟಳೆ ಇದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ವಿನಿಯಮಗಳ ಪ್ರಕಾರ ತಾವು ನೀಡಿದ ಪ್ರತಿ ಪ್ರಮಾಣಪತ್ರವನ್ನೂ ವೈದ್ಯರು ವಹಿಯಲ್ಲಿ ದಾಖಲಿಸಬೇಕು. ಸುಳ್ಳು ಪ್ರಮಾಣಪತ್ರಕ್ಕೆ ಸಹಿ ಮಾಡಿದ ವೈದ್ಯರ ಹೆಸರನ್ನು ನೋಂದಣಿಯಿಂದ ತೆಗೆದುಹಾಕಲು ಅವಕಾಶವಿದೆ.

ಗೌಪ್ಯತೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಅದೇ ವಿನಿಯಮಗಳು ಸೂಚಿಸಿರುವ ರಜೆಯ ಪ್ರಮಾಣಪತ್ರದ ನಮೂನೆಯಲ್ಲಿ ವ್ಯಕ್ತಿಯು ಯಾವ ಕಾಯಿಲೆಯಿಂದ ಬಳಲುತ್ತಿದ್ದಾರೆ ಎಂದು ಬರೆಯಲು ಒಂದು ಖಾಲಿ ಜಾಗವಿದೆ. ಹೀಗಾಗಿ ಮೀರಜ, ಕೊಲ್ಲಾಪುರ ಅಥವಾ ಬೆಳಗಾವಿಯ ವೈದ್ಯರ ಕೊಠಡಿಯಲ್ಲಿ ಬರೆದ ಒಂದು ಪದವು ಶಾಲೆಯ ಮುಖ್ಯ ಶಿಕ್ಷಕರ ಮೇಜಿಗೂ ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಪ್ರಯಾಣ ಮಾಡುತ್ತದೆ. ರಜೆಯ ಮಂಜೂರಾತಿಗೆ ಬೇಕಾಗಿ ಅದು ಅಷ್ಟು ದೂರ ಹೋಗುತ್ತದೆ. ಅದು ಅಲ್ಲಿಗೇ ನಿಲ್ಲಬೇಕು.

ಕಾನೂನು ಏನು ಹೇಳುತ್ತದೆ

ಖಾಸಗಿತನವು ಮೂಲಭೂತ ಹಕ್ಕೆಂದು ದೇಶಕ್ಕೆ ಸ್ಪಷ್ಟವಾದುದು ಕನ್ನಡಿಗರೊಬ್ಬರು ಹೂಡಿದ ಪ್ರಕರಣದಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಸಂವಿಧಾನದ 21ನೇ ಅನುಚ್ಛೇದದ ಜೀವಿಸುವ ಹಕ್ಕಿನೊಳಗೆ ಸೇರಿದೆ ಎಂದು ಒಮ್ಮತದಿಂದ ತೀರ್ಪು ನೀಡಿತು. ಸರಕಾರದ ಯಾವುದೇ ಅಂಗವು ವ್ಯಕ್ತಿಯ ಖಾಸಗಿತನದಲ್ಲಿ ಪ್ರವೇಶಿಸಬೇಕಾದರೆ ಅದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಪ್ರವೇಶವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಗ್ರಾಮ ಪಂಚಾಯತಿಯೂ ಸರಕಾರದ ಅಂಗವೇ. ಶಾಲೆಗೆ ಬದಲಿ ಶಿಕ್ಷಕರನ್ನು ಪಡೆಯುವ ಉದ್ದೇಶ ನ್ಯಾಯಸಮ್ಮತವಾದುದು. ಆದರೆ ಅದಕ್ಕೆ ಕಾಯಿಲೆಯ ಹೆಸರು ಬೇಕಾಗಿಲ್ಲ.

ಮಾಹಿತಿ ಹಕ್ಕಿನ ಅಡಿಯಲ್ಲಿ ಕಾಯಿಲೆಯ ವಿವರ ಪಡೆಯಬಹುದೇ ಎಂಬ ಪ್ರಶ್ನೆಯನ್ನು ಸದಸ್ಯರೂ ಸಾರ್ವಜನಿಕರೂ ಕೇಳುವುದುಂಟು. 2019ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಸುಭಾಷ್ ಚಂದ್ರ ಅಗರ್ವಾಲ್ ಅವರ ಪ್ರಕರಣದಲ್ಲಿ ಇದನ್ನು ಚರ್ಚಿಸಿದೆ. ವೈದ್ಯಕೀಯ ದಾಖಲೆ, ಚಿಕಿತ್ಸೆ, ಔಷಧಗಳ ಆಯ್ಕೆ, ಭೇಟಿ ನೀಡಿದ ಆಸ್ಪತ್ರೆ ಮತ್ತು ವೈದ್ಯರ ಪಟ್ಟಿ ಇವೆಲ್ಲವೂ ವೈಯಕ್ತಿಕ ಮಾಹಿತಿ ಎಂದು ಅದು ಹೇಳಿದೆ. ಕುಟುಂಬದವರ ಇಂತಹ ವಿವರಗಳಿಗೂ ಅದೇ ರಕ್ಷಣೆ ಇದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಪ್ರಕರಣವು ಇಂತಹ ಮಾಹಿತಿಗೆ ವಿನಾಯಿತಿ ನೀಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲಕ ಆದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು ಈ ವಿನಾಯಿತಿ ಇನ್ನೂ ವಿಸ್ತಾರವಾಗಿದೆ.

ವಿನಾಯಿತಿ ಸಂಪೂರ್ಣವಲ್ಲ. ಸಾರ್ವಜನಿಕ ಹಿತ ದೊಡ್ಡದಿದ್ದಾಗ ಮಾಹಿತಿ ನೀಡಲು 8(2) ಪ್ರಕರಣ ಅವಕಾಶ ಕೊಡುತ್ತದೆ. ನೆರೆಯ ಮಹಾರಾಷ್ಟ್ರದ ಮಾಜಿ ಸಚಿವ ಸುರೂಪಸಿಂಗ್ ನಾಯಿಕ್ ಅವರು ನ್ಯಾಯಾಂಗ ನಿಂದನೆಗಾಗಿ ಜೈಲು ಶಿಕ್ಷೆಗೆ ಗುರಿಯಾಗಿ ಆ ಅವಧಿಯ ಬಹುಭಾಗವನ್ನು ಆಸ್ಪತ್ರೆಯಲ್ಲಿ ಕಳೆದಾಗ, ಅವರ ವೈದ್ಯಕೀಯ ದಾಖಲೆಯನ್ನು ನೀಡಬಹುದೆಂದು ಮುಂಬಯಿ ಉಚ್ಚ ನ್ಯಾಯಾಲಯವು 2007ರಲ್ಲಿ ಹೇಳಿತು. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಅನಾರೋಗ್ಯವನ್ನು ನೆಪ ಮಾಡಲಾಯಿತೇ ಎಂದು ತಿಳಿಯುವ ಸಾರ್ವಜನಿಕ ಹಿತ ಅಲ್ಲಿತ್ತು. ಅಂತಹ ಸಂದರ್ಭದಲ್ಲಿಯೂ ತೀರ್ಮಾನ ಕೈಗೊಳ್ಳಬೇಕಾದವರು ಸಾರ್ವಜನಿಕ ಮಾಹಿತಿ ಅಧಿಕಾರಿ ಹಾಗೂ ಮೇಲ್ಮನವಿ ಪ್ರಾಧಿಕಾರ. ಮೂರನೆಯ ವ್ಯಕ್ತಿಯ ಗೌಪ್ಯ ಮಾಹಿತಿಯನ್ನು ನೀಡಲು ಉದ್ದೇಶಿಸಿದರೆ ಅರ್ಜಿ ಬಂದ 5 ದಿನಗಳೊಳಗೆ ಆ ವ್ಯಕ್ತಿಗೆ ನೋಟಿಸು ಕೊಡಬೇಕು. ಅವರಿಗೆ ತಮ್ಮ ಆಕ್ಷೇಪ ಸಲ್ಲಿಸಲು 10 ದಿನಗಳ ಅವಕಾಶವಿದೆ. ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸುವ ವಿಷಯ ಇದಲ್ಲ.

ಕೆಲವು ಸ್ಥಿತಿಗಳಿಗೆ ಪ್ರತ್ಯೇಕ ಕಾನೂನುಗಳ ಕಾವಲು ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸೋಂಕಿತರನ್ನು ತಮ್ಮ ಸ್ಥಿತಿ ತಿಳಿಸುವಂತೆ ಬಲವಂತಪಡಿಸುವುದನ್ನೂ ಉದ್ಯೋಗದಲ್ಲಿ ತಾರತಮ್ಯ ಮಾಡುವುದನ್ನೂ ನಿಷೇಧಿಸುತ್ತದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 23ನೇ ಪ್ರಕರಣವು ಮಾನಸಿಕ ಚಿಕಿತ್ಸೆಯ ಗೌಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರನ್ನು ವೈದ್ಯರು ಬಹಿರಂಗಪಡಿಸಿದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಲು 2021ರ ತಿದ್ದುಪಡಿಯಲ್ಲಿ ಅವಕಾಶವಿದೆ. ವೈದ್ಯರೇ ಇಷ್ಟು ಕಟ್ಟುನಿಟ್ಟಾಗಿ ಕಾಯಬೇಕಾದ ಗುಟ್ಟು ಶಾಲೆಯ ಕಟ್ಟೆಯ ಮೇಲೆ ಚರ್ಚೆಯಾಗುವಂತಿಲ್ಲ.

ಗುಟ್ಟು ಸೋರುವುದು ಎಲ್ಲಿ

ಕುಡಿಯುವ ನೀರಿನ ಕೊಳವೆ ಸೋರುವುದು ಹೆಚ್ಚಾಗಿ ಜೋಡಣೆಯ ಜಾಗದಲ್ಲಿ. ವೈದ್ಯಕೀಯ ಮಾಹಿತಿಯೂ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಲ್ಲಿ ಸೋರುತ್ತದೆ. ಶಾಲೆ ಮತ್ತು ಪಂಚಾಯತಿಯ ಮಟ್ಟದಲ್ಲಿ ಗಮನಿಸಬೇಕಾದ ಜಾಗಗಳು ಇವು.

ಮೊದಲನೆಯದು ಹಾಜರಿ ಪುಸ್ತಕ. ಮುಖ್ಯ ಶಿಕ್ಷಕರ ಮೇಜಿನ ಮೇಲೆ ತೆರೆದಿರುವ ಈ ಪುಸ್ತಕದಲ್ಲಿ ರಜೆಯ ವಿಧವನ್ನು ನಮೂದಿಸಿದರೆ ಸಾಕು. ಕಾರಣವನ್ನು ಬರೆಯಬೇಕಾಗಿಲ್ಲ.

ಎರಡನೆಯದು ವಾಟ್ಸ್‌ಆ್ಯಪ್ ಗುಂಪು. ರಜೆ ಅರ್ಜಿಯ ಜೊತೆಗೆ ಪ್ರಮಾಣಪತ್ರದ ಚಿತ್ರವನ್ನೂ ಶಿಕ್ಷಕರ ಗುಂಪಿಗೆ ಹಾಕುವ ರೂಢಿ ಕೆಲವೆಡೆ ಇದೆ. ಗುಂಪಿಗೆ ಹೋದ ಚಿತ್ರವನ್ನು ಮರಳಿ ಪಡೆಯಲಾಗದು. ಅರ್ಜಿಯು ಸಂಬಂಧಿಸಿದ ಅಧಿಕಾರಿಗೆ ನೇರವಾಗಿ ಹೋಗಬೇಕು.

ಮೂರನೆಯದು ವೈದ್ಯಕೀಯ ವೆಚ್ಚ ಮರುಪಾವತಿಯ ಬಿಲ್ಲು. 1963ರ ವೈದ್ಯಕೀಯ ಹಾಜರಾತಿ ನಿಯಮಗಳ ಅಡಿಯಲ್ಲಿ ಸಲ್ಲಿಸುವ ಈ ಬಿಲ್ಲಿನ ಜೊತೆಗೆ ಔಷಧ ಚೀಟಿ, ಪ್ರಯೋಗಾಲಯದ ವರದಿ, ಆಸ್ಪತ್ರೆಯ ಬಿಡುಗಡೆ ಪತ್ರ ಎಲ್ಲವೂ ಇರುತ್ತವೆ. ಪ್ರಮಾಣಪತ್ರದಲ್ಲಿ ಒಂದೇ ಪದವಿದ್ದರೆ ಇಲ್ಲಿ ಕಾಯಿಲೆಯ ಪೂರ್ಣ ಕಥೆಯೇ ಇರುತ್ತದೆ. ಇದು ಮುಚ್ಚಿದ ಲಕೋಟೆಯಲ್ಲಿ ಸಾಗಬೇಕು.

ನಾಲ್ಕನೆಯದು ಪಂಚಾಯತಿಗೆ ನೇರವಾಗಿ ಸಂಬಂಧಿಸಿದ್ದು, ಸಭೆಯ ನಡಾವಳಿ. ನಡಾವಳಿಯು ಶಾಶ್ವತ ದಾಖಲೆ. ಯಾರು ಬೇಕಾದರೂ ಅದರ ಪ್ರತಿ ಕೇಳಬಹುದು. ಮಾತಿನಲ್ಲಿ ಆಡಿದ ತಪ್ಪು ಕೆಲವು ತಿಂಗಳಲ್ಲಿ ಮರೆತುಹೋಗಬಹುದು, ಠರಾವಿನಲ್ಲಿ ಬರೆದ ಕಾಯಿಲೆ ಆ ವ್ಯಕ್ತಿ ನಿವೃತ್ತರಾದ ಮೇಲೂ ಉಳಿಯುತ್ತದೆ.

ಇಂತಹ ಬಹಿರಂಗದ ನೋವು ಹೇಗಿರುತ್ತದೆ ಎಂಬುದನ್ನು ಗ್ರಾಮಗಳು ಕೋವಿಡ್ ಕಾಲದಲ್ಲಿ ಕಂಡಿವೆ. ಮನೆಯ ಬಾಗಿಲಿಗೆ ಅಂಟಿಸಿದ ಒಂದು ಚೀಟಿ ನೆರೆಹೊರೆಯ ಬಳಕೆಯನ್ನೇ ನಿಲ್ಲಿಸಿತ್ತು. ಸಕ್ಷಮ ಪ್ರಾಧಿಕಾರವು ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟ ಆದೇಶ ನೀಡದ ಹೊರತು ಸೋಂಕಿತರ ಮನೆಗೆ ಅಂತಹ ಚೀಟಿ ಅಂಟಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರ್ 9ರಂದು ಹೇಳಿತು.

ಗುಟ್ಟು ಉಳಿದರೆ ಮಕ್ಕಳಿಗೇ ಲಾಭ

ಗೌಪ್ಯತೆಯಿಂದ ಶಿಕ್ಷಕರಿಗೆ ಮಾತ್ರ ಅನುಕೂಲ, ಮಕ್ಕಳಿಗೆ ನಷ್ಟ ಎಂಬ ಭಾವನೆ ಸರಿಯಲ್ಲ. ಕ್ಷಯರೋಗದ ಲಕ್ಷಣವಿರುವ ಒಬ್ಬ ಶಿಕ್ಷಕರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪರೀಕ್ಷೆ ಮಾಡಿಸಿಕೊಂಡು ರಜೆ ಕೇಳಿದರೆ ಕಾಯಿಲೆಯ ಹೆಸರು ಊರೆಲ್ಲ ತಿಳಿಯುತ್ತದೆ ಎಂಬ ಭಯ ಅವರಿಗಿದ್ದರೆ ಅವರು ಪರೀಕ್ಷೆಯನ್ನೇ ಮುಂದೂಡುತ್ತಾರೆ, ಕೆಮ್ಮುತ್ತಲೇ ಶಾಲೆಗೆ ಬರುತ್ತಾರೆ. ಗುಟ್ಟು ಉಳಿಯುತ್ತದೆಂಬ ಭರವಸೆ ಇದ್ದರೆ ಬೇಗ ಪರೀಕ್ಷೆಗೆ ಹೋಗಿ, ವೈದ್ಯರು ಹೇಳಿದಷ್ಟು ದಿನ ಮನೆಯಲ್ಲಿದ್ದು, ಕನಿಷ್ಠ 6 ತಿಂಗಳ ಚಿಕಿತ್ಸೆಯನ್ನು ಪೂರ್ಣಗೊಳಿಸುತ್ತಾರೆ. ಎರಡನೆಯ ದಾರಿಯಲ್ಲಿ ತರಗತಿಯ ಮಕ್ಕಳು ಸುರಕ್ಷಿತರು.

ಸಾಂಕ್ರಾಮಿಕ ರೋಗವಿದ್ದರೆ ಪಂಚಾಯತಿಗೆ ತಿಳಿಯಬೇಡವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಬೇರೆಯೇ ದಾರಿ ಇದೆ. ಕ್ಷಯರೋಗವು 2012ರಿಂದ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ. ಚಿಕಿತ್ಸೆ ನೀಡುವವರು ಆರೋಗ್ಯ ಇಲಾಖೆಗೆ ತಿಳಿಸಬೇಕು. ಸಂಪರ್ಕಕ್ಕೆ ಬಂದವರ ತಪಾಸಣೆಯ ಅಗತ್ಯವನ್ನು ಆರೋಗ್ಯ ಇಲಾಖೆ ನಿರ್ಧರಿಸುತ್ತದೆ. ಪಂಚಾಯತಿಯ ಪಾತ್ರವೆಂದರೆ ತಪಾಸಣಾ ಶಿಬಿರಕ್ಕೆ ಸ್ಥಳ, ನೀರು, ಪ್ರಚಾರದ ಸಹಕಾರ ನೀಡುವುದು. ಶಿಬಿರ ನಡೆಸಲು ರೋಗಿಯ ಹೆಸರು ಹೇಳಬೇಕಾಗಿಲ್ಲ.

ಶಿಕ್ಷಕಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಗರ್ಭಸ್ರಾವವಾದಾಗ ವೈದ್ಯಕೀಯ ಪ್ರಮಾಣಪತ್ರದ ಆಧಾರದ ಮೇಲೆ ಆರು ವಾರಗಳವರೆಗೆ ರಜೆಗೆ ಅವಕಾಶವಿದೆ. ಆರು ವಾರ ರಜೆ ಏಕೆ ಎಂದು ತುಂಬಿದ ಸಭೆಯಲ್ಲಿ ಕೇಳಿದರೆ ಆ ಶಿಕ್ಷಕಿ ಉತ್ತರಿಸಿದರೂ ನೋವು, ಮೌನವಾಗಿದ್ದರೂ ಸಂಶಯ. ಹೀಗೆ ನೊಂದವರು ಮುಂದಿನ ವರ್ಗಾವಣೆಯಲ್ಲಿ ಆ ಶಾಲೆಯನ್ನು ಬಿಟ್ಟು ಹೋಗಲು ಬಯಸುತ್ತಾರೆ. ದೂರದ ತೋಟದ ಶಾಲೆಗೆ ಮತ್ತೊಬ್ಬ ಶಿಕ್ಷಕರು ಸಿಗುವುದು ಎಷ್ಟು ಕಷ್ಟವೆಂಬುದು ಸದಸ್ಯರಿಗೆ ಗೊತ್ತೇ ಇದೆ.

ಹಾಗೆಂದು ಯೋಗಕ್ಷೇಮ ವಿಚಾರಿಸುವುದು ತಪ್ಪೆಂದು ಯಾರೂ ಭಾವಿಸಬೇಕಾಗಿಲ್ಲ. “ಆರಾಮ ಅದೀರೇನ್ರಿ, ಏನಾರ ಸಹಾಯ ಬೇಕೇನ್ರಿ” ಎಂದು ಕೇಳುವುದು ಈ ಭಾಗದ ಒಳ್ಳೆಯ ನಡತೆ. ಅವರಾಗಿಯೇ ಕಾಯಿಲೆಯ ವಿಷಯ ಹೇಳಿದರೆ ಕೇಳಿಸಿಕೊಳ್ಳಬಹುದು. ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಹೇಳಲು ಕೊಟ್ಟ ಅನುಮತಿಯಲ್ಲ ಎಂಬುದನ್ನು ನೆನಪಿಡಬೇಕು.

ದೂರು ಬಂದಾಗ ಅನುಸರಿಸಬೇಕಾದ ಕ್ರಮ

ಶಿಕ್ಷಕರು ದೀರ್ಘಕಾಲ ಬಂದಿಲ್ಲವೆಂದು ಪಾಲಕರು ದೂರಿದಾಗ ಸದಸ್ಯರು ಈ ಕೆಳಗಿನ ಪ್ರಶ್ನೆಗಳನ್ನು ಮುಖ್ಯ ಶಿಕ್ಷಕರಿಗೆ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೇಳಬಹುದು.

1. ಶಿಕ್ಷಕರು ರಜೆ ಅರ್ಜಿ ಸಲ್ಲಿಸಿದ್ದಾರೆಯೇ, ಅಥವಾ ಅನಧಿಕೃತವಾಗಿ ಗೈರುಹಾಜರಾಗಿದ್ದಾರೆಯೇ?
2. ರಜೆಯ ಅವಧಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ? ಅದನ್ನು ವಿಸ್ತರಿಸಲಾಗಿದೆಯೇ?
3. ಆ ಅವಧಿಯಲ್ಲಿ ಪಾಠಕ್ಕೆ ಏನು ವ್ಯವಸ್ಥೆಯಾಗಿದೆ? ಸಮೀಪದ ಶಾಲೆಯಿಂದ ಶಿಕ್ಷಕರ ತಾತ್ಕಾಲಿಕ ನಿಯೋಜನೆಗೆ ಪ್ರಸ್ತಾವನೆ ಹೋಗಿದೆಯೇ?
4. ಬಿಸಿಯೂಟ, ಹಾಲು ವಿತರಣೆ ಮೊದಲಾದ ಹೊಣೆಗಳನ್ನು ಯಾರಿಗೆ ವಹಿಸಲಾಗಿದೆ?

ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತರೆ ಪಾಲಕರಿಗೆ ಹೇಳಬೇಕಾದುದೆಲ್ಲವೂ ದೊರೆತಂತೆ. ಯಾವ ಕಾಯಿಲೆ, ಯಾವ ಆಸ್ಪತ್ರೆ, ಯಾವ ಔಷಧ, ಶಸ್ತ್ರಚಿಕಿತ್ಸೆಯಾಗಿದೆಯೇ, ಮನೆಯಲ್ಲಿ ಯಾರಿಗಾದರೂ ಇಂತಹ ಕಾಯಿಲೆ ಇದೆಯೇ ಎಂಬ ಪ್ರಶ್ನೆಗಳನ್ನು ಕೇಳಬಾರದು. ಕೇಳಿದರೂ ಮುಖ್ಯ ಶಿಕ್ಷಕರು ಉತ್ತರಿಸಬೇಕಾಗಿಲ್ಲ. ಅವರು ಉತ್ತರಿಸದಿರುವುದನ್ನು ಪಂಚಾಯತಿಗೆ ತೋರಿದ ಅಗೌರವವೆಂದು ಭಾವಿಸಬಾರದು.

ರಜೆಯು ನೆಪವೆಂಬ ಸಂಶಯ ಬಲವಾಗಿದ್ದರೆ ಅದಕ್ಕೂ ದಾರಿ ಇದೆ. ರಜೆಯ ಅವಧಿಯಲ್ಲಿ ಶಿಕ್ಷಕರು ಬೇರೆ ವ್ಯವಹಾರದಲ್ಲಿ ತೊಡಗಿದ್ದನ್ನು ಕಂಡವರಿದ್ದರೆ ದಿನಾಂಕ ಮತ್ತು ಸ್ಥಳಸಹಿತ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ, ನಿಯಮಾನುಸಾರ ಎರಡನೆಯ ವೈದ್ಯಕೀಯ ಅಭಿಪ್ರಾಯ ಪಡೆಯುವಂತೆ ಕೋರಬಹುದು. ಕಾಯಿಲೆ ನಿಜವೇ ಸುಳ್ಳೇ ಎಂಬುದನ್ನು ಸರಕಾರಿ ವೈದ್ಯರು ಹೇಳುತ್ತಾರೆ, ಕ್ರಮವನ್ನು ಇಲಾಖೆ ಕೈಗೊಳ್ಳುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಪ್ರಕರಣವು ಶಿಸ್ತು ಕ್ರಮಕ್ಕೆ ಮುನ್ನ ಶಿಕ್ಷಕರ ಅಹವಾಲು ಕೇಳಬೇಕೆಂದು ಹೇಳುತ್ತದೆ. ಈ ದಾರಿಯಲ್ಲಿ ತಪ್ಪಿತಸ್ಥರು ಸಿಕ್ಕಿಬೀಳುತ್ತಾರೆ, ನಿಜವಾಗಿ ಬಳಲುವವರು ಬೀದಿಗೆ ಬರುವುದಿಲ್ಲ.

ಠರಾವನ್ನು ಬರೆಯುವ ರೀತಿಗೆ ಒಂದು ಮಾದರಿ ಉಪಯುಕ್ತವಾದೀತು. “ಶಿಕ್ಷಕಿಯವರು ಕ್ಯಾನ್ಸರ್ ಕಾಯಿಲೆಯಿಂದ ಬಳಲುತ್ತಿದ್ದು ಎರಡು ತಿಂಗಳಿನಿಂದ ಶಾಲೆಗೆ ಬರುತ್ತಿಲ್ಲವಾದ್ದರಿಂದ ಅವರನ್ನು ಬದಲಾಯಿಸುವಂತೆ ಕೋರಲು ಠರಾಯಿಸಲಾಯಿತು” ಎಂದು ಬರೆಯುವುದು ತಪ್ಪು. ಅದರ ಬದಲು, “ಶಾಲೆಯ ಒಬ್ಬ ಶಿಕ್ಷಕರು ಮಂಜೂರಾದ ರಜೆಯಲ್ಲಿರುವುದರಿಂದ 1ರಿಂದ 5ನೇ ತರಗತಿಯ ಮಕ್ಕಳ ಕಲಿಕೆಗೆ ತೊಂದರೆಯಾಗಿದ್ದು, ಅವರು ಕರ್ತವ್ಯಕ್ಕೆ ಮರಳುವವರೆಗೆ ಒಬ್ಬ ಶಿಕ್ಷಕರನ್ನು ತಾತ್ಕಾಲಿಕವಾಗಿ ನಿಯೋಜಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು ಕೋರಲು ಸರ್ವಾನುಮತದಿಂದ ಠರಾಯಿಸಲಾಯಿತು” ಎಂದು ಬರೆಯಬೇಕು. ಎರಡನೆಯ ಠರಾವು ಮಕ್ಕಳಿಗೆ ಬೇಕಾದುದನ್ನು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಕೇಳುತ್ತದೆ.

ಪಂಚಾಯತಿಯ ಸಿಬ್ಬಂದಿಗೂ ಇದೇ ನಿಯಮ

ಶಿಕ್ಷಕರಿಗೆ ಅನ್ವಯಿಸುವ ಈ ಮಾತು ಪಂಚಾಯತಿಯ ಕರವಸೂಲಿಗಾರರು, ನೀರಗಂಟಿಗಳು, ಸ್ವಚ್ಛತಾ ಸಿಬ್ಬಂದಿ ಹಾಗೂ ಗ್ರಂಥಾಲಯ ಮೇಲ್ವಿಚಾರಕರಿಗೂ ಅನ್ವಯಿಸುತ್ತದೆ. ಅವರ ರಜೆ ಅರ್ಜಿಗಳು ಪಂಚಾಯತಿ ಕಚೇರಿಯಲ್ಲಿಯೇ ಇರುವುದರಿಂದ ಹೊಣೆ ಇನ್ನೂ ಹೆಚ್ಚು. ವೈದ್ಯಕೀಯ ಪ್ರಮಾಣಪತ್ರಗಳನ್ನು ಪ್ರತ್ಯೇಕ ಲಕೋಟೆಯಲ್ಲಿ, ಬೀಗವಿರುವ ಕಪಾಟಿನಲ್ಲಿ ಇಡಬೇಕು. ಸಭೆಗೆ ರಜೆಯ ದಿನಗಳ ವಿವರವನ್ನು ಮಾತ್ರ ಮಂಡಿಸಬೇಕು.

ಕಚೇರಿಯ ಕಡತದಲ್ಲಿ ಕಾಯಿಲೆಯ ಹೆಸರು ಒಂದು ಪದ ಮಾತ್ರ. ಊರಿನಲ್ಲಿ ಹರಡಿದರೆ ಅದು ಮಗಳ ಮದುವೆಯ ಮಾತುಕತೆಗೆ, ಬಾಡಿಗೆ ಮನೆಯ ಬಾಗಿಲಿಗೆ, ತರಗತಿಯ ಮಕ್ಕಳ ಪಿಸುಮಾತಿಗೆ ತಲುಪುತ್ತದೆ. ಹಾಗಾಗದಂತೆ ತಡೆಯುವ ಶಕ್ತಿ ಸದಸ್ಯರ ಕೈಯಲ್ಲಿದೆ. ಮುಂದಿನ ಸಭೆಯಲ್ಲಿ ಶಿಕ್ಷಕರ ರಜೆಯ ವಿಷಯ ಚರ್ಚೆಗೆ ಬಂದಾಗ, ಅವರಿಗೆ ಏನಾಗಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮಕ್ಕಳಿಗೆ ಯಾರಿದ್ದಾರೆ ಎಂದು ಕೇಳುವುದರಿಂದ ಅದು ಆರಂಭವಾಗಲಿ.